ಅಮ್ಮನ ಮೊಣಕಾಲು ಫೋನಿಗೆ ಗೊತ್ತಿಲ್ಲ

ಹಾಸನದ ಬಸ್ ನಿಲ್ದಾಣದ ಹೊರಗೆ ಬಾಡಿಗೆ ಕಾರು ಗೊತ್ತು ಮಾಡಲು ನಿಂತಿದ್ದೆವು. ನಾನು, ತಂಗಿ, ಹತ್ತು ವರ್ಷದ ಅವಳ ಮಗ, ಎಪ್ಪತ್ತು ದಾಟಿದ ಅಮ್ಮ. ಒಂದು ದಿನದ ಸುತ್ತಾಟಕ್ಕೆ ಫೋನಿನ ಆ್ಯಪ್ ಆಗಲೇ ಪಟ್ಟಿ ಹಾಕಿ ಕೊಟ್ಟಿತ್ತು: ಬೇಲೂರು, ಹಳೇಬೀಡು, ಶ್ರವಣಬೆಳಗೊಳ, ಶೆಟ್ಟಿಹಳ್ಳಿಯ ನೀರಲ್ಲಿ ಮುಳುಗುವ ಹಳೇ ಚರ್ಚು, ಸಕಲೇಶಪುರದ ಮಂಜರಾಬಾದ್ ಕೋಟೆ. ಕಾರಿನವರು ಪಟ್ಟಿಯತ್ತ ಕಣ್ಣು ಹಾಯಿಸಿ ಮೂರು ಪ್ರಶ್ನೆ ಕೇಳಿದರು. “ಎಷ್ಟ್ ಜನ ಇದೀರಾ? ಸಂಜೆ ಎಷ್ಟೊತ್ಗೆ ವಾಪಸ್ ಬರ್ಬೇಕು? ಅಮ್ಮಾವ್ರಿಗೆ ಮೆಟ್ಲು ಹತ್ತಕ್ಕಾಯ್ತದಾ?” ಉತ್ತರ ಕೇಳಿಕೊಂಡು, “ಹಂಗಾರೆ ಬೆಳಗೊಳ ಇವತ್ತು ಬ್ಯಾಡಿ. ಹಳೇಬೀಡು ಮೊದ್ಲು ನೋಡಿ. ಬೇಲೂರಿಗೆ ನಾಕ್ ಗಂಟೆ ಮ್ಯಾಲೆ ಹೋಗಣ. ಮಧ್ಯಾಹ್ನ ಆ ಕಲ್ ಮ್ಯಾಲೆ ಬರಿಗಾಲಿಡಕ್ಕಾಗಲ್ಲ” ಅಂದರು.

ಪ್ರವಾಸಿಗರಿಗೆ ಜಾಗ ಸೂಚಿಸುವ ತಂತ್ರಜ್ಞಾನದ ಬಗ್ಗೆ ಓದುವಾಗಲೆಲ್ಲ ಆ ಮೂರು ಪ್ರಶ್ನೆಗಳು ನೆನಪಾಗುತ್ತವೆ. ಯಾರು ಬಂದಿದ್ದಾರೆ, ಎಷ್ಟು ಹೊತ್ತಿದೆ, ಮೈಗೆ ಏನು ಸಾಧ್ಯ. ಈ ವಿಷಯದ ಸಂಶೋಧಕರು ಇದನ್ನೇ ‘ಸಂದರ್ಭ’ ಎನ್ನುತ್ತಾರೆ. ಮೂವತ್ತು ವರ್ಷಗಳಿಂದ ಯಂತ್ರಕ್ಕೆ ಇದನ್ನು ಕಲಿಸುವ ಪ್ರಯತ್ನ ನಡೆದಿದೆ. ನಮ್ಮ ಕೈಯಲ್ಲಿರುವ ಆ್ಯಪ್‌ಗಳಿಗೆ ಅದು ಇನ್ನೂ ಅರೆಬರೆಯಾಗಿಯೇ ಬಂದಿದೆ ಎಂಬುದು ನನ್ನ ಅನುಭವ. ಏಕೆ ಎಂದು ತಿಳಿಯಬೇಕಾದರೆ ಈ ಶಿಫಾರಸು ಹೇಗೆ ಹುಟ್ಟುತ್ತದೆ ಎಂದು ನೋಡಬೇಕು.

ಅಮೆರಿಕದ ಪಾಲೋ ಆಲ್ಟೋದಲ್ಲಿದ್ದ ಜೆರಾಕ್ಸ್ ಸಂಶೋಧನಾ ಕೇಂದ್ರದಲ್ಲಿ 1992ರ ಹೊತ್ತಿಗೆ ‘ಟ್ಯಾಪೆಸ್ಟ್ರಿ’ ಎಂಬ ವ್ಯವಸ್ಥೆ ರೂಪುಗೊಂಡಿತು. ಬಂದು ಬೀಳುವ ಇಮೇಲ್ ರಾಶಿಯಲ್ಲಿ ಓದಲು ಯೋಗ್ಯವಾದದ್ದು ಯಾವುದು ಎಂದು ಸಹೋದ್ಯೋಗಿಗಳ ಅಭಿಪ್ರಾಯ ನೋಡಿ ಆರಿಸಿಕೊಳ್ಳುವ ವಿಧಾನ ಅದು. ನಿನ್ನಂಥವರು ಮೆಚ್ಚಿದ್ದನ್ನು ನೀನೂ ಮೆಚ್ಚುವೆ ಎಂಬ ಸರಳ ನಂಬಿಕೆಯ ಮೇಲೆ ಅದು ನಿಂತಿತ್ತು. ಅಲ್ಲಿಂದ ಮುಂದೆ ಪುಸ್ತಕ, ಹಾಡು, ಸಿನಿಮಾ ಎಲ್ಲಕ್ಕೂ ಇದೇ ಲೆಕ್ಕ ಬಂತು. ಒಂದು ದೊಡ್ಡ ಚೌಕಳಿ ಹಾಳೆಯನ್ನು ಕಲ್ಪಿಸಿಕೊಳ್ಳಿ. ಎಡಗಡೆ ಸಾಲಾಗಿ ಜನರ ಹೆಸರು, ಮೇಲುಗಡೆ ವಸ್ತುಗಳ ಹೆಸರು, ಮನೆಗಳಲ್ಲಿ ಕೊಟ್ಟ ಅಂಕ. ನನ್ನ ಸಾಲಿನಲ್ಲಿರುವ ಅಂಕಗಳು ಇನ್ನೊಬ್ಬರ ಸಾಲಿಗೆ ಹೊಂದಿಕೆಯಾದರೆ, ನನ್ನಲ್ಲಿ ಖಾಲಿ ಇರುವ ಮನೆಯನ್ನು ಅವರ ಅಂಕ ನೋಡಿ ಊಹಿಸಬಹುದು. ಇನ್ನೊಂದು ದಾರಿಯೂ ಇದೆ. ಜನರನ್ನು ಬಿಟ್ಟು ವಸ್ತುವಿನ ಗುಣವನ್ನೇ ನೋಡುವುದು. ನಾನು ಮೂರು ಜಲಪಾತ ನೋಡಿಬಂದಿದ್ದರೆ ನಾಲ್ಕನೆಯದನ್ನು ತೋರಿಸುವುದು. ಈಗಿನ ಆ್ಯಪ್‌ಗಳು ಸಾಮಾನ್ಯವಾಗಿ ಎರಡನ್ನೂ ಬೆರೆಸಿ ಬಳಸುತ್ತವೆ.

ಸಿನಿಮಾಕ್ಕೆ ಈ ಲೆಕ್ಕ ಚೆನ್ನಾಗಿ ಹೊಂದಿತು. ನೆಟ್‌ಫ್ಲಿಕ್ಸ್ 2006ರಲ್ಲಿ ತನ್ನ ಊಹೆಯನ್ನು ಶೇ 10ರಷ್ಟು ಸುಧಾರಿಸಿದವರಿಗೆ 10 ಲಕ್ಷ ಡಾಲರ್ ಬಹುಮಾನ ಎಂದು ಸಾರಿ, ಸುಮಾರು 4,80,000 ಜನ 17,770 ಚಿತ್ರಗಳಿಗೆ ಕೊಟ್ಟ 10 ಕೋಟಿ ಅಂಕಗಳನ್ನು ಸ್ಪರ್ಧಿಗಳ ಮುಂದಿಟ್ಟಿತು. 2009ರಲ್ಲಿ ಬಹುಮಾನ ಸಂದಿತು. ಸರಾಸರಿ ಲೆಕ್ಕ ಹಾಕಿದರೆ ಒಬ್ಬೊಬ್ಬರು ಇನ್ನೂರಕ್ಕೂ ಹೆಚ್ಚು ಚಿತ್ರಗಳಿಗೆ ಅಂಕ ಕೊಟ್ಟಿದ್ದರು. ಇನ್ನೂರು ಊರು ನೋಡಿ ಪ್ರತಿಯೊಂದಕ್ಕೂ ಅಂಕ ಕೊಟ್ಟವರು ನಮ್ಮಲ್ಲಿ ಎಷ್ಟು ಜನ ಸಿಕ್ಕಾರು? ಹೆಚ್ಚಿನ ಮನೆಗಳಲ್ಲಿ ವರ್ಷಕ್ಕೊಂದು ಪ್ರವಾಸವಾದರೆ ದೊಡ್ಡದು. ಅದೂ ಮಕ್ಕಳ ರಜೆ, ಮನೆದೇವರ ಹರಕೆ, ಮದುವೆ ಮನೆಯ ನೆಪ ಕೂಡಿಬಂದಾಗ. ಹಾಳೆಯ ತುಂಬ ಖಾಲಿ ಮನೆಗಳೇ. ಅಲ್ಲದೆ ಸಿನಿಮಾ ಹಿಡಿಸದಿದ್ದರೆ ಹತ್ತು ನಿಮಿಷಕ್ಕೆ ಆರಿಸಬಹುದು. ಇನ್ನೂರು ಕಿಲೋಮೀಟರ್ ಹೋದ ಮೇಲೆ ಹಿಡಿಸಲಿಲ್ಲವೆಂದರೆ ಹೋದ ದಿನ ಹೋಯಿತು.

ಇದಕ್ಕಿಂತ ಸೂಕ್ಷ್ಮವಾದ ತೊಡಕು ಇನ್ನೊಂದಿದೆ. ಬೇಲೂರು ನೋಡಿದವರು ಹಳೇಬೀಡನ್ನೂ ನೋಡಿದ್ದಾರೆ ಎಂದು ಯಂತ್ರ ಗಮನಿಸುತ್ತದೆ. ಇವೆರಡರ ರುಚಿ ಒಂದೇ ಎಂದು ತೀರ್ಮಾನಿಸುತ್ತದೆ. ಆದರೆ ಎರಡೂ ಊರುಗಳ ನಡುವೆ ಇರುವುದು ಹದಿನಾರು ಕಿಲೋಮೀಟರ್. ಅಲ್ಲಿಗೆ ಹೋದವರು ಇಲ್ಲಿಗೂ ಹೋಗುತ್ತಾರೆ, ಅಷ್ಟೆ. ಶ್ರವಣಬೆಳಗೊಳವನ್ನು ನೋಡಿ. ಜೈನರ ಬೆಟ್ಟ, ಹತ್ತನೆಯ ಶತಮಾನದ ಗೊಮ್ಮಟ. ದಿಕ್ಕೂ ಬೇರೆ, ಬೇಲೂರು ಹಾಸನದ ವಾಯವ್ಯಕ್ಕಾದರೆ ಇದು ಪೂರ್ವಕ್ಕೆ. ಆದರೂ ಮೂರೂ ಒಂದೇ ಉಸಿರಿನಲ್ಲಿ ಬರುತ್ತವೆ. ಬೆಂಗಳೂರಿನಿಂದ ಹೊರಡುವ ಒಂದು ದಿನದ ಪ್ಯಾಕೇಜ್ ಬಸ್ಸುಗಳು ಎಷ್ಟೋ ವರ್ಷಗಳಿಂದ ಮೂರನ್ನೂ ಸೇರಿಸಿ ತೋರಿಸುತ್ತ ಬಂದಿವೆ. ಬಸ್ಸಿನ ಮಾರ್ಗವನ್ನು ಯಂತ್ರ ಜನರ ಅಭಿರುಚಿ ಎಂದು ಓದಿಕೊಳ್ಳುತ್ತದೆ. ಬಾದಾಮಿ, ಪಟ್ಟದಕಲ್ಲು, ಐಹೊಳೆಗಳ ವಿಷಯದಲ್ಲೂ ಹೀಗೆಯೇ.

ಅದೇ ಹಾಸನ–ಬೇಲೂರು ರಸ್ತೆಯಿಂದ ತುಸು ಒಳಗೆ ದೊಡ್ಡಗದ್ದವಳ್ಳಿ ಇದೆ. ಕೆರೆಯ ದಂಡೆಯಲ್ಲಿ, ತೆಂಗಿನ ಮರಗಳ ನಡುವೆ, ಬಳಪದ ಕಲ್ಲಿನ ಲಕ್ಷ್ಮೀದೇವಿ ಗುಡಿ. ನಾಲ್ಕು ಗರ್ಭಗುಡಿಗಳಿರುವ ಅಪರೂಪದ ಕಟ್ಟಡ. 1117ರ ಬೇಲೂರಿಗಿಂತ ಕೆಲವು ವರ್ಷ ಹಿರಿಯದು. ಕಟ್ಟಿಸಿದ್ದು ರಾಜನಲ್ಲ, ಒಬ್ಬ ವರ್ತಕ ಮತ್ತು ಆತನ ಹೆಂಡತಿ. ಹೊಯ್ಸಳರ ಶಿಲ್ಪವನ್ನು ನಿಜವಾಗಿ ಪ್ರೀತಿಸುವವರು ಬೇಲೂರು ಕಂಡ ಮೇಲೆ ನೋಡಲೇಬೇಕಾದ ಜಾಗ ಇದು. ಅದರ ಸರಳ, ಕದಂಬನಾಗರ ಶೈಲಿಯ ಶಿಖರಗಳನ್ನು ನೋಡಿದ ಮೇಲೆ ಬೇಲೂರಿನ ಗೋಡೆಯ ಸಡಗರ ಬೇರೆಯೇ ರೀತಿ ಕಾಣುತ್ತದೆ. ಅಭಿರುಚಿಯ ಲೆಕ್ಕ ಸರಿಯಾಗಿದ್ದರೆ ಆ್ಯಪ್ ಇದನ್ನು ಮೊದಲು ಹೇಳಬೇಕಿತ್ತು. ನಮ್ಮ ಪಟ್ಟಿಯಲ್ಲಿ ಅದರ ಹೆಸರೇ ಇರಲಿಲ್ಲ. ಅಲ್ಲಿಗೆ ಕರೆದೊಯ್ದವರು ಕಾರಿನವರೇ. ಗುಡಿಯ ನೆರಳಲ್ಲಿ ಅಮ್ಮ ಒಂದು ಗಂಟೆ ಕೂತರು. ಇಡೀ ದಿನದಲ್ಲಿ ಅವರು ಮತ್ತೆ ಮತ್ತೆ ನೆನೆಸಿಕೊಂಡದ್ದು ಆ ಒಂದು ಗಂಟೆಯನ್ನೇ.

ಇಂಥ ಜಾಗ ಪಟ್ಟಿಗೆ ಏಕೆ ಬರುವುದಿಲ್ಲ? ಹೊಸ ಅಥವಾ ಕಡಿಮೆ ಜನ ಬರುವ ಜಾಗಕ್ಕೆ ಅಂಕ ಕೊಟ್ಟವರು ಕಡಿಮೆ. ಅಂಕವಿಲ್ಲದ್ದರಿಂದ ಪಟ್ಟಿಯಲ್ಲಿ ಕೆಳಗೆ. ಕೆಳಗಿರುವುದರಿಂದ ಯಾರೂ ಹೋಗುವುದಿಲ್ಲ, ಹೋಗದಿದ್ದರೆ ಅಂಕ ಹುಟ್ಟುವುದಿಲ್ಲ. ಮೇಲಿರುವ ಜಾಗಕ್ಕೆ ಇದರ ತದ್ವಿರುದ್ಧ, ಜನರಿಂದ ಅಂಕ, ಅಂಕದಿಂದ ಮತ್ತಷ್ಟು ಜನ. ಇದರ ಜೊತೆಗೆ ಭಾಷೆಯ ಸಮಸ್ಯೆ. ಹಳೇಬೀಡನ್ನು ಇಂಗ್ಲಿಷಿನಲ್ಲಿ ಮೂರು ನಾಲ್ಕು ಬಗೆಯಲ್ಲಿ ಬರೆಯುತ್ತಾರೆ, ದೊಡ್ಡಗದ್ದವಳ್ಳಿಯ ಪಾಡು ಕೇಳುವುದೇ ಬೇಡ. ಒಂದೇ ಊರು ಹಲವು ಹೆಸರಲ್ಲಿ ಹಂಚಿಹೋದಾಗ ಇದ್ದ ಅಂಕಗಳೂ ಹಂಚಿಹೋಗುತ್ತವೆ. ವಿಮರ್ಶೆಗಳನ್ನು ಓದಿ ಜಾಗದ ಗುಣ ಗುರುತಿಸುವ ಯಂತ್ರಕ್ಕೆ ಸಿಗುವುದು ಹೆಚ್ಚಾಗಿ ಇಂಗ್ಲಿಷ್ ಬರಹ. ಅಕ್ಕಪಕ್ಕದ ತಾಲ್ಲೂಕಿನವರು ಕನ್ನಡದಲ್ಲಿ ಆಡಿಕೊಳ್ಳುವ ಮಾತು ಅದಕ್ಕೆ ಮುಟ್ಟುವುದು ಅಪರೂಪ. ಬೇಲೂರು, ಹಳೇಬೀಡು, ಸೋಮನಾಥಪುರದ ಗುಡಿಗಳು 2023ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿ ಸೇರಿದವು. ಅದು ಆಗಬೇಕಿದ್ದ ಕೆಲಸ, ಸಂತೋಷವೇ. ಆದರೆ ಅರಸೀಕೆರೆ, ನುಗ್ಗೇಹಳ್ಳಿ, ಜಾವಗಲ್, ಮೊಸಳೆ, ಅಮೃತಾಪುರಗಳು ಈ ಲೆಕ್ಕದಲ್ಲಿ ಇನ್ನೂ ಒಂದು ಮೆಟ್ಟಿಲು ಕೆಳಗಿಳಿಯುತ್ತವೆ.

ಈ ಚಕ್ರ ಮುರಿಯುವ ಉಪಾಯ ಗಣಿತದಲ್ಲಿ ಇಲ್ಲದಿಲ್ಲ. ಹತ್ತು ಸಲಹೆಯಲ್ಲಿ ಒಂದೆರಡನ್ನು ಬೇಕೆಂದೇ ಅಪರಿಚಿತ ಜಾಗಕ್ಕೆ ಮೀಸಲಿಟ್ಟು, ಜನ ಏನನ್ನುತ್ತಾರೆ ಎಂದು ಕಲಿಯುತ್ತ ಹೋಗಬಹುದು. ಹೊಸ ಗುಡಿಯ ಗುಣಗಳನ್ನು ತಿಳಿದವರಿಂದ ಬರೆಸಿ ಹಾಕಿದರೆ ಅಂಕವಿಲ್ಲದೆಯೂ ಹೋಲಿಕೆ ಮಾಡಬಹುದು. ಮಾಡದಿರುವುದಕ್ಕೆ ಕಾರಣ ವ್ಯಾಪಾರದ್ದು. ಗೊತ್ತಿರುವ ಜಾಗ ತೋರಿಸಿದರೆ ಒತ್ತುವವರು ಹೆಚ್ಚು.

ಇನ್ನು ಕುಟುಂಬದ ವಿಷಯ. ಆ್ಯಪ್‌ಗೆ ಗೊತ್ತಿದ್ದದ್ದು ನಾನೊಬ್ಬನೇ, ಏಕೆಂದರೆ ಫೋನು ನನ್ನದು. ಆದರೆ ಕಾರಿನಲ್ಲಿ ನಾಲ್ವರು. ಶ್ರವಣಬೆಳಗೊಳಕ್ಕೆ ನಾನು, ತಂಗಿ, ಹುಡುಗ ಮೂವರೂ ಐದರಲ್ಲಿ ಐದು ಕೊಡುತ್ತೇವೆ. ವಿಂಧ್ಯಗಿರಿಯ ಬಂಡೆಯಲ್ಲಿ ಕಡೆದ ನೂರಾರು ಮೆಟ್ಟಿಲನ್ನು ಬರಿಗಾಲಲ್ಲಿ ಹತ್ತಬೇಕಾದ ಅಮ್ಮ ಒಂದು ಕೊಡುತ್ತಾರೆ. ಸರಾಸರಿ ನಾಲ್ಕು. ದೊಡ್ಡಗದ್ದವಳ್ಳಿಗೆ ಹುಡುಗನದು ಮೂರು, ಉಳಿದ ಮೂವರದು ನಾಲ್ಕು ನಾಲ್ಕು. ಸರಾಸರಿ 3.75. ಸರಾಸರಿಯ ಮಾತು ಕೇಳಿದರೆ ಬೆಳಗೊಳಕ್ಕೆ ಹೋಗಬೇಕು, ಅಮ್ಮ ಬೆಟ್ಟದ ಬುಡದಲ್ಲಿ ಕೂತಿರಬೇಕು. ಅತಿ ಕಡಿಮೆ ಅಂಕವನ್ನು ಮಾತ್ರ ನೋಡಿ, ಯಾವ ಆಯ್ಕೆಯಲ್ಲಿ ಆ ಅಂಕ ಹೆಚ್ಚಿದೆಯೋ ಅದನ್ನು ಆರಿಸುವ ಇನ್ನೊಂದು ಕ್ರಮವೂ ಇದೆ. ಬೆಳಗೊಳದ ಕನಿಷ್ಠ ಒಂದು, ದೊಡ್ಡಗದ್ದವಳ್ಳಿಯ ಕನಿಷ್ಠ ಮೂರು. ಎರಡನೆಯದೇ ಗೆಲ್ಲುತ್ತದೆ. ಮಿನ್ನೆಸೋಟ ವಿಶ್ವವಿದ್ಯಾಲಯದವರು 2001ರಲ್ಲಿ ಗುಂಪಾಗಿ ಸಿನಿಮಾ ನೋಡುವವರಿಗಾಗಿ ಮಾಡಿದ ‘ಪಾಲಿಲೆನ್ಸ್’ ಬಳಸಿದ್ದು ಇದೇ ಸೂತ್ರವನ್ನು. ಗುಂಪಿನಲ್ಲಿ ಯಾರಿಗೂ ತೀರಾ ಸಂಕಟವಾಗಬಾರದು ಎಂಬುದು ಅದರ ತಿರುಳು. ನಮ್ಮ ಮನೆಗಳಲ್ಲಿ ಹಿರಿಯರನ್ನು ಕರೆದುಕೊಂಡು ಹೊರಟವರೆಲ್ಲ ಹೆಸರು ಗೊತ್ತಿಲ್ಲದೆಯೇ ಪಾಲಿಸುತ್ತ ಬಂದ ನಿಯಮ ಇದು. ನಾನು ಬಳಸಿದ ಯಾವ ಆ್ಯಪ್ ಕೂಡ ‘ಜೊತೆಗೆ ಯಾರಿದ್ದಾರೆ, ಅವರಿಗೆ ಎಷ್ಟು ನಡೆಯಲು ಆಗುತ್ತದೆ’ ಎಂದು ಕೇಳಿಲ್ಲ.

ಹೊತ್ತಿನ ಲೆಕ್ಕವೂ ಸುಲಭದ್ದಲ್ಲ. ಹತ್ತು ಜಾಗಗಳನ್ನು ಯಾವ ಕ್ರಮದಲ್ಲಿ ನೋಡಬೇಕು ಎಂದರೆ 36,28,800 ಸಾಧ್ಯತೆಗಳಿವೆ. ಅದರ ಜೊತೆಗೆ ಪೂಜೆ ನಡೆಯುವ ಗುಡಿಗಳಲ್ಲಿ ಮಧ್ಯಾಹ್ನ ಬಾಗಿಲು ಹಾಕುವುದು, ಪುರಾತತ್ವ ಇಲಾಖೆಯ ವಸ್ತುಸಂಗ್ರಹಾಲಯಗಳಿಗೆ ಶುಕ್ರವಾರ ರಜೆ, ಊಟಕ್ಕೆ ಒಂದು ಗಂಟೆ. ಕಾಡಿನಲ್ಲಿ ಗುರುತುಗಳನ್ನು ಹುಡುಕುತ್ತ ಓಡುವ ‘ಓರಿಯೆಂಟೀರಿಂಗ್’ ಆಟದ ಹೆಸರಿನಲ್ಲಿ ಗಣಿತಜ್ಞರು 1980ರ ದಶಕದಿಂದ ಈ ಸಮಸ್ಯೆಯನ್ನು ಬಿಡಿಸುತ್ತಿದ್ದಾರೆ. ಕೊಟ್ಟ ಸಮಯದೊಳಗೆ ಅತಿ ಹೆಚ್ಚು ಅಂಕ ಗಳಿಸುವ ದಾರಿ ಯಾವುದು ಎಂಬುದು ಪ್ರಶ್ನೆ. ಜಾಗಗಳು ಹೆಚ್ಚಿದಂತೆ ಪೂರ್ತಿ ಸರಿಯಾದ ಉತ್ತರ ಕಂಪ್ಯೂಟರಿಗೂ ನಿಲುಕುವುದಿಲ್ಲ, ಸಾಕಷ್ಟು ಒಳ್ಳೆಯ ಉತ್ತರಕ್ಕೆ ತೃಪ್ತಿಪಡಬೇಕು. ಈಚೆಗೆ ಚಾಟ್‌ಬಾಟ್‌ಗಳು ಕ್ಷಣದಲ್ಲಿ ಪ್ರವಾಸದ ವೇಳಾಪಟ್ಟಿ ಬರೆದುಕೊಡುತ್ತಿವೆ. ಭಾಷೆ ಚೆಂದ, ಕ್ರಮವೂ ನಂಬುವಂತಿರುತ್ತದೆ. ಆದರೆ ಆ ದಿನದ ಬಾಗಿಲು ತೆರೆಯುವ ಸಮಯ, ರಸ್ತೆಯ ಸ್ಥಿತಿಯ ಮಾಹಿತಿಗೆ ಜೋಡಿಸದಿದ್ದರೆ ಅವು ಬರೆಯುವುದು ಇರಬಹುದಾದ ವೇಳಾಪಟ್ಟಿಯನ್ನು, ಇರುವುದನ್ನಲ್ಲ.

ಹಳೆಯ ಪ್ರಯೋಗಗಳನ್ನು ಓದುವಾಗ ಒಂದು ವಿಷಯ ನನ್ನನ್ನು ಹಿಡಿದು ನಿಲ್ಲಿಸಿತು. ಸ್ಮಾರ್ಟ್‌ಫೋನ್ ಬರುವ ಮೊದಲೇ, 1990ರ ದಶಕದ ಕೊನೆಗೆ, ಇಂಗ್ಲೆಂಡಿನ ಲ್ಯಾಂಕಾಸ್ಟರ್‌ನಲ್ಲಿ ‘ಗೈಡ್’ ಎಂಬ ಯೋಜನೆ ನಡೆಯಿತು. ಪ್ರವಾಸಿಯ ಕೈಗೆ ಹಲಗೆಯಂಥ ಸಾಧನವೊಂದನ್ನು ಕೊಟ್ಟು, ನಿಮಗೆ ಯಾವುದರಲ್ಲಿ ಆಸಕ್ತಿ, ಎಷ್ಟು ಸಮಯವಿದೆ ಎಂದು ಕೇಳಿ, ಜಾಗಗಳು ತೆರೆದಿರುವ ಹೊತ್ತನ್ನು ನೋಡಿ ದಾರಿ ಹಾಕಿಕೊಡುತ್ತಿತ್ತು. ತಾನು ಎಲ್ಲಿದ್ದೇನೆ ಎಂಬುದು ಸಾಧನಕ್ಕೆ ತಪ್ಪಿಹೋದಾಗ ಸಣ್ಣ ಚಿತ್ರಗಳನ್ನು ತೋರಿಸಿ, ಇವುಗಳಲ್ಲಿ ನಿಮ್ಮೆದುರು ಯಾವುದು ಕಾಣುತ್ತಿದೆ ಎಂದು ಪ್ರವಾಸಿಯನ್ನೇ ಕೇಳುತ್ತಿತ್ತು. ಆ ಸಾಧನಕ್ಕೆ ನಮ್ಮ ಫೋನಿನ ಶಕ್ತಿಯ ಅಲ್ಪ ಭಾಗವೂ ಇರಲಿಲ್ಲ, ಅದಕ್ಕೇ ಕೇಳುತ್ತಿತ್ತು. ಈಗಿನವು ಕೇಳುವುದನ್ನು ಬಿಟ್ಟು ಗಮನಿಸುವುದನ್ನು ಕಲಿತಿವೆ. ಯಾವ ಚಿತ್ರದ ಮೇಲೆ ಎಷ್ಟು ಹೊತ್ತು ನಿಂತೆ, ಏನು ಹುಡುಕಿದೆ, ಎಲ್ಲಿ ಓಡಾಡಿದೆ ಎಂಬುದರಿಂದ ನನ್ನನ್ನು ಊಹಿಸುತ್ತವೆ. ಆದರೆ ಊಹೆಗೆ ಸಿಗುವುದು ಹಿಂದಿನ ನಾನು. ಗೆಳೆಯರೊಂದಿಗೆ ಕುಮಾರಪರ್ವತ ಹತ್ತಿದವನೇ ಮುಂದಿನ ತಿಂಗಳು ಅಮ್ಮನ ಕೈ ಹಿಡಿದು ಬರಬಹುದು ಎಂಬುದು ಹಳೆಯ ಹೆಜ್ಜೆಗಳಲ್ಲಿ ಬರೆದಿರುವುದಿಲ್ಲ. ಬಾಯಿಬಿಟ್ಟು ಕೇಳಿದರೆ ಎರಡು ಮಾತಿನಲ್ಲಿ ಮುಗಿಯುವ ವಿಷಯಕ್ಕೆ ನಮ್ಮ ಓಡಾಟವನ್ನೆಲ್ಲ ಕೂಡಿಡುವುದು ನನಗೆ ಒಪ್ಪಿಗೆಯಿಲ್ಲ.

ಕಾರಿನವರೂ ನಿಸ್ವಾರ್ಥಿಗಳಲ್ಲ ಎಂದು ಯಾರಾದರೂ ಹೇಳಬಹುದು. ನಿಜ. ಪ್ರವಾಸಿಗರನ್ನು ಗೊತ್ತಿರುವ ಹೋಟೆಲಿಗೆ, ಸೀರೆ ಅಂಗಡಿಗೆ ಇಳಿಸಿ ಕಮಿಷನ್ ಪಡೆಯುವವರು ಎಲ್ಲ ಊರಿನಲ್ಲೂ ಇದ್ದಾರೆ. ಆದರೆ ಅದು ನಮಗೆ ಗೊತ್ತಿರುತ್ತದೆ, ಬೇಡ ಎನ್ನಬಹುದು. ಪರದೆಯ ಮೇಲಿನ ಪಟ್ಟಿಯಲ್ಲಿ ಮೊದಲು ಬಂದದ್ದು ನನಗೆ ಹೊಂದುವುದರಿಂದ ಬಂತೋ, ಹೆಚ್ಚು ಹಣ ಕೊಟ್ಟಿದ್ದರಿಂದ ಬಂತೋ ತಿಳಿಯುವ ಬಗೆ ಯಾವುದು? ಐರೋಪ್ಯ ಒಕ್ಕೂಟ 2022ರಲ್ಲಿ ತಂದ ಡಿಜಿಟಲ್ ಸೇವೆಗಳ ಕಾಯ್ದೆ ಈ ಪ್ರಶ್ನೆಯನ್ನು ಕೈಗೆತ್ತಿಕೊಂಡಿದೆ. ಯಾವ ಮುಖ್ಯ ಅಂಶಗಳನ್ನು ನೋಡಿ ಶಿಫಾರಸು ಮಾಡುತ್ತೇವೆ ಎಂಬುದನ್ನು ಸಾಮಾನ್ಯರಿಗೆ ಅರ್ಥವಾಗುವ ಭಾಷೆಯಲ್ಲಿ ಹೇಳಬೇಕು. ಅತಿ ದೊಡ್ಡ ಕಂಪನಿಗಳು ಬಳಕೆದಾರರ ವೈಯಕ್ತಿಕ ಚಹರೆಯನ್ನು ಆಧರಿಸದ ಒಂದು ಆಯ್ಕೆಯನ್ನಾದರೂ ಕೊಡಬೇಕು. 2023ರಲ್ಲಿ ಹಾಗೆ ಗುರುತಿಸಲಾದ ಅತಿ ದೊಡ್ಡ ವೇದಿಕೆಗಳ ಪಟ್ಟಿಯಲ್ಲಿ ಬುಕಿಂಗ್ ಡಾಟ್ ಕಾಮ್ ಮತ್ತು ಗೂಗಲ್ ಮ್ಯಾಪ್ಸ್ ಎರಡೂ ಇವೆ. ಭಾರತದಲ್ಲಿ 2023ರ ವೈಯಕ್ತಿಕ ಡಿಜಿಟಲ್ ದತ್ತಾಂಶ ರಕ್ಷಣಾ ಕಾಯ್ದೆ ಇದೆ, ಆದರೆ ಅದರ ಕಾಳಜಿ ಮಾಹಿತಿಯ ರಕ್ಷಣೆ. ಶಿಫಾರಸಿನ ಪಟ್ಟಿ ಹೇಗೆ ಕಟ್ಟಲ್ಪಟ್ಟಿತು ಎಂದು ಕೇಳುವ ಹಕ್ಕು ಪ್ರವಾಸಿಗನಿಗೂ ಊರಿನವನಿಗೂ ಬೇಕು.

ಊರಿನವನ ಮಾತು ಬಂದದ್ದರಿಂದ ಬಾರ್ಸಿಲೋನಾದ 116ನೇ ನಂಬರಿನ ಬಸ್ಸಿನ ಕಥೆ ಹೇಳಬೇಕು. ವಾಸ್ತುಶಿಲ್ಪಿ ಗೌಡಿ ಕಟ್ಟಿದ ಪಾರ್ಕ್ ಗುವೆಲ್ ಇರುವುದು ಗುಡ್ಡದ ಮೇಲಿನ ಲಾ ಸಲೂಟ್ ಬಡಾವಣೆಯ ಪಕ್ಕದಲ್ಲಿ. ಕಡಿದಾದ ಓಣಿಗಳಲ್ಲಿ ಓಡುವ ಸಣ್ಣ ಬಸ್ಸು ಅದು, ಅಲ್ಲಿನ ವಯಸ್ಸಾದವರಿಗೆ ಆಧಾರ. ಗೂಗಲ್ ಮ್ಯಾಪ್ಸ್ ಪಾರ್ಕಿಗೆ ಹೋಗುವವರಿಗೆಲ್ಲ ಅದೇ ಬಸ್ಸನ್ನು ಸೂಚಿಸಿತು. ಪ್ರತಿಯೊಬ್ಬ ಪ್ರವಾಸಿಗೂ ಅದು ಸರಿಯಾದ ಉತ್ತರವೇ. ಆದರೆ ಬಸ್ಸು ತುಂಬಿ, ತರಕಾರಿ ಚೀಲ ಹಿಡಿದ ಅಜ್ಜಿ ನಿಲ್ದಾಣದಲ್ಲೇ ಉಳಿಯಬೇಕಾಯಿತು. ನಿವಾಸಿಗಳು ವರ್ಷಗಟ್ಟಲೆ ದೂರಿದರು. ಕೊನೆಗೆ ನಗರಾಡಳಿತದ ಪ್ರಯತ್ನದಿಂದ 2024ರಲ್ಲಿ ಆ ಮಾರ್ಗ ಮ್ಯಾಪಿನಿಂದ ಮಾಯವಾಯಿತು. ಬಸ್ಸು ಮೊದಲಿನಂತೆಯೇ ಓಡುತ್ತಿತ್ತು, ಸಲಹೆ ಮಾತ್ರ ನಿಂತಿತು. ಊರಿನವರಿಗೆ ಮತ್ತೆ ಜಾಗ ಸಿಕ್ಕಿತು.

ಒಬ್ಬೊಬ್ಬರಿಗೂ ಸರಿಯಾದ ಸಲಹೆ ಎಲ್ಲರಿಗೂ ಒಟ್ಟಿಗೆ ಕೊಟ್ಟಾಗ ತಪ್ಪಾಗಬಹುದು. ಈ ತಂತ್ರಜ್ಞಾನದ ಬಗ್ಗೆ ನನಗಿರುವ ಮುಖ್ಯ ತಕರಾರು ಇದೇ. ಇದರಲ್ಲಿ ಪ್ರವಾಸಿ ಇದ್ದಾನೆ, ಕಂಪನಿ ಇದೆ, ಊರು ಇಲ್ಲ. ಎಷ್ಟು ಜನರನ್ನು ಒಂದು ಜಾಗ ತಾಳಿಕೊಳ್ಳುತ್ತದೆ ಎಂಬ ಮನೆಯೇ ಆ ಚೌಕಳಿ ಹಾಳೆಯಲ್ಲಿ ಇಲ್ಲ. ನಮ್ಮಲ್ಲಿ ಇದರ ಪರಿಣಾಮ ಗೊತ್ತಾಗಲು ಬಾರ್ಸಿಲೋನಾವರೆಗೆ ಹೋಗಬೇಕಿಲ್ಲ. 2024ರ ಜನವರಿ ಕೊನೆಯ ರಜೆಯಲ್ಲಿ ಕುಮಾರಪರ್ವತದ ದಾರಿಯಲ್ಲಿ ಜನಜಾತ್ರೆಯಾದ ಚಿತ್ರಗಳನ್ನು ನೀವೂ ನೋಡಿರುತ್ತೀರಿ. ಆಮೇಲೆ ಅರಣ್ಯ ಇಲಾಖೆ ಆನ್‌ಲೈನ್ ಬುಕಿಂಗ್ ಇಲ್ಲದ ಚಾರಣಗಳನ್ನು ನಿಲ್ಲಿಸಿ, ಒಂದು ದಾರಿಗೆ ದಿನಕ್ಕೆ 300 ಜನ ಎಂಬ ಮಿತಿ ತಂದಿತು. ಮೈಸೂರಿನವರು ವಾರಾಂತ್ಯಕ್ಕೆ ಹೋಗುವ ಊಟಿಯಲ್ಲಿ ಮದ್ರಾಸ್ ಹೈಕೋರ್ಟ್ ಆದೇಶದಂತೆ 2024ರ ಮೇ 7ರಿಂದ ಇ-ಪಾಸ್ ಕಡ್ಡಾಯವಾಯಿತು. 2025ರ ಬೇಸಿಗೆಯಲ್ಲಿ ವಾರದ ದಿನಗಳಲ್ಲಿ 6,000, ವಾರಾಂತ್ಯದಲ್ಲಿ 8,000 ವಾಹನ ಎಂದು ಕೋರ್ಟು ಸಂಖ್ಯೆಯನ್ನೇ ಗೊತ್ತುಮಾಡಿತು. ಇವತ್ತು ಎಷ್ಟು ಪಾಸ್ ಹೋಗಿದೆ ಎಂಬುದು ಸರ್ಕಾರದ ಕಂಪ್ಯೂಟರಿಗೆ ಗೊತ್ತು. ಸಲಹೆ ಕೊಡುವ ಆ್ಯಪ್‌ಗೂ ಅದು ತಿಳಿದರೆ, ಘಾಟಿಯಲ್ಲಿ ಮೂರು ಗಂಟೆ ಸಿಕ್ಕಿಬೀಳುವ ಮೊದಲೇ, ಮನೆಯಲ್ಲಿರುವಾಗಲೇ, ಇಂದು ಬೇಡ ಎಂದು ಹೇಳಬಹುದು.

ಹಾಗಾದರೆ ಜನರನ್ನೆಲ್ಲ ಕಡಿಮೆ ಪರಿಚಿತ ಜಾಗಗಳಿಗೆ ಹಂಚಿಬಿಡಿ ಎಂದು ಸಲೀಸಾಗಿ ಹೇಳಲು ನನಗೆ ಧೈರ್ಯವಿಲ್ಲ. ದೊಡ್ಡಗದ್ದವಳ್ಳಿಯ ಹೆಸರನ್ನು ಇಲ್ಲಿ ಬರೆಯುವ ಮೊದಲೂ ಯೋಚಿಸಿದ್ದೇನೆ. ಅದು ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿದೆ, ದೊಡ್ಡ ರಸ್ತೆಗೆ ಹತ್ತಿರವಿದೆ, ಇನ್ನಷ್ಟು ಜನ ಬಂದರೆ ತಾಳಿಕೊಳ್ಳುತ್ತದೆ. ಮಲೆನಾಡಿನಲ್ಲಿ ನಾನು ಕಂಡ ಇನ್ನೊಂದು ಜಾಗವಿದೆ, ಅದರ ಹೆಸರು ಬರೆಯುವುದಿಲ್ಲ. ಅಲ್ಲಿ ಇರುವುದು ಒಂದೇ ಕಾಲುದಾರಿ, ಅದೂ ಒಬ್ಬರ ಅಡಿಕೆ ತೋಟದೊಳಗಿಂದ. ಮನೆಯವರು ಬಂದವರಿಗೆ ಮಜ್ಜಿಗೆ ಕೊಟ್ಟು ಕಳಿಸುತ್ತಾರೆ. ಒಂದು ಭಾನುವಾರ ಇನ್ನೂರು ಜನ ಬಂದರೆ ಆ ಮಜ್ಜಿಗೆ ಏನಾಗುತ್ತದೆ, ಆ ತೋಟ ಏನಾಗುತ್ತದೆ? ಅಮೆರಿಕದ ವಯೋಮಿಂಗ್ ರಾಜ್ಯದ ಜಾಕ್ಸನ್ ಹೋಲ್‌ನ ಪ್ರವಾಸೋದ್ಯಮ ಮಂಡಳಿ 2018ರಲ್ಲಿ ಪ್ರವಾಸಿಗರನ್ನು ಕೇಳಿಕೊಂಡದ್ದೂ ಇದನ್ನೇ: ಫೋಟೋ ಹಾಕಿ, ಆದರೆ ನಿಖರವಾದ ಜಾಗವನ್ನು ಗುರುತಿಸಬೇಡಿ. ಪ್ರವಾಸಿಗರನ್ನು ಕರೆಯುವುದೇ ಕೆಲಸವಾಗಿರುವ ಮಂಡಳಿ ಅಷ್ಟು ಹೇಳಬೇಕಾದರೆ ಅಲ್ಲಿನ ಕೆರೆಗಳು ಎಷ್ಟು ತುಳಿತಕ್ಕೆ ಸಿಕ್ಕಿರಬೇಕು.

ಮಾಡಬಹುದಾದ ಕೆಲಸ ಒಂದಿದೆ, ಅದಕ್ಕೆ ದೊಡ್ಡ ಯಂತ್ರವೂ ಬೇಡ. ಜಿಲ್ಲೆಯ ಒಂದೊಂದು ಗುಡಿ, ಕೋಟೆ, ಕೆರೆಯ ಬಗ್ಗೆ ಸ್ಥಳೀಯರಿಗೆ ಗೊತ್ತಿರುವ ಸಣ್ಣ ಸಂಗತಿಗಳನ್ನು ಪ್ರವಾಸೋದ್ಯಮ ಇಲಾಖೆ ಪಂಚಾಯಿತಿಗಳ ಜೊತೆ ಕೂತು ಕನ್ನಡದಲ್ಲಿ ದಾಖಲಿಸಿ, ಯಾವ ಆ್ಯಪ್ ಬೇಕಾದರೂ ಬಳಸುವಂತೆ ತೆರೆದಿಡಬಹುದು. ಮೆಟ್ಟಿಲು ಎಷ್ಟು, ಹಿಡಿದುಕೊಳ್ಳಲು ಕಂಬಿ ಇದೆಯೇ. ನೆರಳು ಯಾವ ಕಡೆ, ಯಾವ ಹೊತ್ತಿಗೆ. ಶೌಚಾಲಯವಿದೆಯೇ, ಅದರಲ್ಲಿ ನೀರು ಬರುತ್ತದೆಯೇ. ಕೊನೆಯ ಬಸ್ಸು ಎಷ್ಟಕ್ಕೆ. ಒಂದು ದಿನಕ್ಕೆ ಎಷ್ಟು ಜನ ಬಂದರೆ ಊರಿಗೆ ತೊಂದರೆಯಿಲ್ಲ, ಅದನ್ನು ಊರಿನವರೇ ಹೇಳಲಿ. ಗುಡಿಗೆ ಬೀಗ ಹಾಕಿದ್ದರೆ ಬೀಗದ ಕೈ ಅರ್ಚಕರ ಮನೆಯಲ್ಲಿದೆಯೋ, ಎದುರಿನ ಅಂಗಡಿಯಲ್ಲಿದೆಯೋ.

ಅವತ್ತು ಬೇಲೂರು ಮುಟ್ಟಿದಾಗ ನಾಲ್ಕೂವರೆ ಆಗಿತ್ತು. ಗುಡಿಯ ನೆರಳು ಅಂಗಳದ ಅರ್ಧಕ್ಕೆ ಬಂದಿತ್ತು. ಅಮ್ಮ ಚಪ್ಪಲಿ ಬಿಟ್ಟು, ಒಂದು ಕಾಲಿಟ್ಟು ಕಲ್ಲಿನ ಬಿಸಿ ನೋಡಿ, ಆಮೇಲೆ ಇನ್ನೊಂದು ಕಾಲಿಟ್ಟರು.